ದೊಡ್ಡಮ್ಮ ಕೂರದ ಮಧ್ಯಾಹ್ನ

ಆಸ್ಪತ್ರೆಯ ತಾರಸಿಯಲ್ಲಿ ಬೆಡ್‌ಶೀಟು ಒಣಹಾಕುವ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಬಾಯಿ ಬಲು ಜೋರು, ಮನಸ್ಸು ಬೆಣ್ಣೆ. ಗಾಳಿಗೆ ಬಿಳಿ ಬಟ್ಟೆಗಳು ಸಾಲಾಗಿ ಉಬ್ಬಿದಾಗ ಇಡೀ ತಾರಸಿಯೇ ಊರು ಬಿಟ್ಟು ಮೆಲ್ಲಗೆ ತೇಲಿ ಹೊರಟ ಹಾಗೆ ಅವಳಿಗೆ ಅನಿಸುತ್ತಿತ್ತು. ಆ ತೇಲಾಟದಲ್ಲಿ ಜೊತೆಗಿದ್ದವರೆಂದರೆ ಕೋತಿಗಳು.

ಅವುಗಳಿಗೂ ಅವಳಿಗೂ ಒಂದು ಒಪ್ಪಂದವಿತ್ತು. ಅವಳು ನಿಂತಿರುವಷ್ಟು ಹೊತ್ತು ಅವು ಮೋಟುಗೋಡೆ ದಾಟುವಂತಿಲ್ಲ. ಕೊನೆಯ ಬಟ್ಟೆಗೆ ಕ್ಲಿಪ್ಪು ಸಿಕ್ಕಿಸಿ, "ಅಬ್ಬಬ್ಬಾ" ಎಂದು ಮಂಡಿ ಹಿಡಿದುಕೊಂಡು ಟ್ಯಾಂಕಿನ ನೆರಳಲ್ಲಿ ಕೂತಳೋ, ಬರಬಹುದು. ಬಂದವರಿಗೆ ವಾರ್ಡಿನಲ್ಲಿ ಉಳಿದ ಬ್ರೆಡ್ಡು, ಬಟ್ಟೆ ಮುಟ್ಟಿದವರಿಗೆ ಬೈಗುಳ. ಮೊದಲು ಬರುತ್ತಿದ್ದದ್ದು ಕಿವಿ ಹರಿದ ಮುದಿ ಹೆಣ್ಣು ಕೋತಿ. ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದಳು. "ನಮ್ಮತ್ತೇನೂ ಹೀಗೇ, ಊಟ ಅಂದ್ರೆ ಮುಂದೆ ಹಾಜರು" ಎಂದು ನಗುತ್ತಿದ್ದಳು.

ಆದರೆ ಕೆಳಗಿನ ವಾರ್ಡುಗಳು ಈ ಒಪ್ಪಂದದಲ್ಲಿ ಸೇರಿರಲಿಲ್ಲ. ಕೋತಿಗಳು ಕಿಟಕಿಯಿಂದ ಹಣ್ಣು ಕಿತ್ತುಕೊಂಡವು, ಒಬ್ಬ ರೋಗಿಯ ಕೈ ಪರಚಿದವು. ಮೇಲ್ವಿಚಾರಕರು ಕೋತಿ ಹಿಡಿಯುವವನನ್ನು ಕರೆಸಿದರು.

"ಇವು ಹೋಗದಿದ್ರೆ ತಾರಸಿಗೆ ಬೀಗ ಹಾಕಬೇಕಾಗುತ್ತೆ. ಆಮೇಲೆ ನಿಮಗಿಲ್ಲಿ ಏನು ಕೆಲಸ, ದೊಡ್ಡಮ್ಮ?" ಎಂದರು.

ಟ್ಯಾಂಕಿನ ಪಕ್ಕ ಬೋನು ಬಂತು, ಬೋನಿನೊಳಗೆ ಬ್ರೆಡ್ಡು. ಹಿಡಿಯುವವನು ಬೋನಿನ ಬಾಗಿಲಿಗೆ ಕಟ್ಟಿದ ಹಗ್ಗ ಹಿಡಿದು ಮೆಟ್ಟಿಲ ಬಾಗಿಲ ಹಿಂದೆ ಅವಿತ. "ದಿನಾ ಕೂರೋ ಹಾಗೆ ಕೂತ್ಕೊಳ್ಳಿ ದೊಡ್ಡಮ್ಮ, ಅಷ್ಟು ಸಾಕು."

"ಕೂರ್ತೀನಪ್ಪ, ಏನವಸರ" ಎಂದಳು. ಕೂರಲಿಲ್ಲ. ಒಣಗಿದ ಬಟ್ಟೆ ತೆಗೆದು ಮತ್ತೆ ಹಾಕಿದಳು. ನೆಟ್ಟಗಿದ್ದ ಕ್ಲಿಪ್ಪನ್ನು ನೆಟ್ಟಗೆ ಮಾಡಿದಳು. ಗೋಡೆಯಾಚೆ ಕೋತಿಗಳು ಕಾದೇ ಕಾದವು. ಬಿಸಿಲಿಗೆ ಬಟ್ಟೆಯ ಬಿಳುಪು ಕಣ್ಣೊಳಗೆ ತುಂಬಿಕೊಂಡಿತು, ರಸ್ತೆಯ ಸದ್ದು ದೂರ ಸರಿಯಿತು, ತಾರಸಿ ತೇಲತೊಡಗಿತು. ತೀರಿಹೋದ ಅತ್ತೆ ಬಟ್ಟೆಗಳ ನಡುವೆ ಬಂದು, "ಎಷ್ಟೊತ್ತೇ ನಿಲ್ತೀಯ, ಕೂತ್ಕೋ" ಎಂದ ಹಾಗಾಯಿತು. ಹಾಳು ಮಂಡಿಗೂ ಅಷ್ಟೇ ಬೇಕಿತ್ತು. ಕೂತುಬಿಟ್ಟಳು.

ಬೋನಿನ ಬಾಗಿಲು ಬಿದ್ದ ಸದ್ದಿಗೆ ಎಚ್ಚರವಾಯಿತು. ಒಳಗೆ ಕಿವಿ ಹರಿದ ಅತ್ತೆ. ಕಿರುಚಲಿಲ್ಲ. ಬ್ರೆಡ್ಡು ಕೈಯಲ್ಲಿ ಹಿಡಿದೇ ದೊಡ್ಡಮ್ಮನ ಮುಖ ನೋಡುತ್ತಿತ್ತು. ಅವಳು ತೆವಳಿಕೊಂಡೇ ಹೋಗಿ ಬಾಗಿಲೆತ್ತಿದಳು. ಅತ್ತೆ ಗೋಡೆ ಹಾರಿ ಓಡಿತು.

"ಏನ್ ಮಾಡ್ತಿದ್ದೀರಾ!" ಎಂದು ಹಿಡಿಯುವವನು ಓಡಿಬಂದ.

"ಕೆಲಸ ಹೋದ್ರೆ ಹೋಗ್ಲಿ ಬಿಡಪ್ಪ" ಎಂದಳು.

ಕೈಗೆ ಸಿಕ್ಕ ಕೋತಿ ಜಾರಿತೆಂದು ಹೇಳಿದರೆ ಹಿಡಿಯುವವನ ಮಾನ ಹೋಗುತ್ತಿತ್ತು. ಗುಂಪು ಹೆದರಿದೆ, ಇನ್ನು ಇತ್ತ ಸುಳಿಯುವುದಿಲ್ಲ ಎಂದು ಕೆಳಗೆ ಮೇಲ್ವಿಚಾರಕರಿಗೆ ಹೇಳಿ ಹೋದ. ಹೇಳಿದ್ದು ಸುಳ್ಳಾಗಲಿಲ್ಲ.

ಮರುದಿನ ದೊಡ್ಡಮ್ಮ ಬೇಗ ಕೆಲಸ ಮುಗಿಸಿ ಕೂತಳು. ಯಾರೂ ಬರಲಿಲ್ಲ. ಎದುರು ಕಟ್ಟಡದ ಮೇಲೆ ಅತ್ತೆ ಕಾಣಿಸಿತು. ಬ್ರೆಡ್ಡು ಎತ್ತಿ ತೋರಿಸಿದಳು. ಅದು ಬೆನ್ನು ತಿರುಗಿಸಿ ಕೂತಿತು. ಅಷ್ಟರಲ್ಲಿ ಮೇಲ್ವಿಚಾರಕರು ಹತ್ತಿ ಬಂದು ಸುತ್ತಲೂ ನೋಡಿ ಖುಷಿಪಟ್ಟರು.

"ಅಂತೂ ನಿಮ್ಮ ಕೆಲಸ ಉಳೀತಲ್ಲ ದೊಡ್ಡಮ್ಮ!"

"ಹೌದು ಸರ್, ಉಳೀತು" ಎಂದಳು. ಅವರು ಇಳಿದುಹೋಗುವ ತನಕ ತಡೆದುಕೊಂಡಿದ್ದು, ಆಮೇಲೆ ಒದ್ದೆ ಬೆಡ್‌ಶೀಟಿನಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತಳು.