‘ಬರ್ತದ ತಗೋ’ ಅನ್ನುತ್ತಿದ್ದವರು

ಹೆಪಟೈಟಿಸ್ ಬಿ ವೈರಸ್ ನನ್ನ ಯಕೃತ್ತಿನಲ್ಲಿ ಬಾಡಿಗೆಯಿಲ್ಲದೆ ಮನೆ ಮಾಡಿ ವರ್ಷಗಳಾಗಿದ್ದವು. ಅದರ ಕಾಟ ತಗ್ಗಿತೆಂದು ತಿಳಿಸುವ ಪ್ರತಿಕಾಯ ರಕ್ತದಲ್ಲಿ ಬಂದಿದೆಯೇ ಎಂದು ಆರು ತಿಂಗಳಿಗೊಮ್ಮೆ ನೋಡುತ್ತಿದ್ದವರು ಜೇವರ್ಗಿಯ ಲ್ಯಾಬಿನ ಕಾಕಾ. ರಕ್ತದ ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಎರಡು ಸಲ ಬಡಿಯುತ್ತಿದ್ದರು.

“ಈ ಸಲ ಬರ್ತದೇನ್ರಿ ಕಾಕಾ?”

“ಬರ್ತದ ತಗೋ. ತಡಾ ಆಗ್ತದ.”

ಆ ಮೂಗಿನ ದನಿಯನ್ನು ನಾನು ಚಹದಂಗಡಿಯಲ್ಲಿ ಅಣಕಿಸುತ್ತಿದ್ದೆ. ಅಫಜಲಪುರದ ಬಸ್ಸಿಗೂ ಅದೇ ಮಾತು, ನನಗೆ ಸಿಗದ ಹೆಣ್ಣಿಗೂ ಅದೇ ಮಾತು. ಒಮ್ಮೆ ಹಿಂದೆ ನಿಂತು ಕೇಳಿದ ಅವರು, “ಮೂಗು ಇನ್ನಾ ಸ್ವಲ್ಪ ಬೇಕಲೇ,” ಎಂದು ತಿದ್ದಿದರು.

ಅವರು ತೀರಿಕೊಂಡ ಮರುವರ್ಷ ಪ್ರತಿಕಾಯ ಬಂತು. ಲ್ಯಾಬಿನ ಹೊಸ ಹುಡುಗಿ ಕೊಟ್ಟ ವರದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಾಕಾರ ಮೂಗಿನ ದನಿಯಲ್ಲೇ ನನಗೆ ನಾನೇ ಅಂದೆ: “ಬರ್ತದಂತ ಹೇಳಿದ್ದಿಲ್ಲೇನಲೇ?”

ಅವಳು ನಗಲಿಲ್ಲ. ಅದು ಯಾರ ದನಿಯೆಂದು ಅವಳಿಗೆ ಗೊತ್ತಿರಲಿಲ್ಲ.