ಹತ್ತಿಯಲ್ಲಿ ಕೂತ ಗೊಂಬೆ

ಒಂದು ಬಟ್ಟೆ ಗೊಂಬೆಗೆ ನಮ್ಮ ಮನೆಯ ದೊಡ್ಡವರೆಲ್ಲ ಒಂದೂವರೆ ತಿಂಗಳು ಹೆದರಿ ಬದುಕಿದೆವು. ಗೇಣುದ್ದದ ಗೊಂಬೆ ಅದು. ನನ್ನ ಅತ್ತೆ ತಮ್ಮ ಹಳೇ ಸೀರೆಯ ಕೆಂಪು ಸೆರಗು ಹರಿದು, ಒಳಗೆ ಚಿಂದಿ ತುರುಕಿ, ಮೊಮ್ಮಗಳಿಗೆಂದು ತಾವೇ ಹೊಲಿದದ್ದು. ಕಣ್ಣು ಅಂತ ಕಪ್ಪು ದಾರದ ಎರಡು ಗಂಟು ಹಾಕಿದ್ದರು, ಬಾಯಿ ಹೊಲಿಯುವುದನ್ನೇ ಮರೆತಿದ್ದರು. ಚೇಳು ಕಂಡರೆ ಚಪ್ಪಲಿ ಹಿಡಿದು ಮುಂದೆ ಹೋಗುವವಳು ನಾನು. ಆದರೆ ಆ ಗೊಂಬೆ ಪಡಸಾಲೆಯ ಮೂಲೆಯಲ್ಲಿ ಕೂತಿದ್ದರೆ ಅಡುಗೆಮನೆಯಿಂದ ಹೊರಗೆ ಬರಲು ಹಿಂದೆಮುಂದೆ ನೋಡುತ್ತಿದ್ದೆ.

ಆಂಧ್ರದ ಆದೋನಿಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಮುಂದೆ ಮನೆ, ಹಿಂದೆ ಗೋಡೌನು. ಸುಗ್ಗಿಯಲ್ಲಿ ಆಸ್ಪರಿ ಕಡೆಯ ಹಳ್ಳಿಗಳಿಂದ ಬಂದ ಚೀಲಗಳನ್ನು ಬಿಚ್ಚಿ ಸುರಿದರೆ ಹತ್ತಿಯ ಗುಡ್ಡೆ ತಗಡಿನ ಮಾಡಿನ ತನಕ ಏರುತ್ತದೆ. ಇಬ್ಬರು ಹೆಂಗಸರು ಬಂದು ಕೂತು ಕಸ ಆರಿಸುತ್ತಾರೆ. ಆ ಗುಡ್ಡೆಯ ಹತ್ತಿರ ಮಕ್ಕಳನ್ನು ಬಿಡಬಾರದು ಎನ್ನುವುದು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ನನಗೆ ಹೇಳಿದ ಮೊದಲ ಬುದ್ಧಿಮಾತು. ನೋಡಲು ಹಾಸಿಗೆಯಂತಿರುತ್ತದೆ, ಕಾಲಿಟ್ಟರೆ ಒಳಗೆ ಎಳೆದುಕೊಳ್ಳುತ್ತದೆ.

ಅವತ್ತು ಮಧ್ಯಾಹ್ನ ನಾನು ಗೋಡೌನಿನ ಬಾಗಿಲಲ್ಲಿ ನಿಂತು ನನ್ನ ತಂಗಿಯ ಜೊತೆ ಫೋನಿನಲ್ಲಿದ್ದೆ. ಊರು ಮುಳುಗುವ ಮಾತೇನಲ್ಲ. ಅವಳ ಓರಗಿತ್ತಿ ಮಾಡಿಸಿಕೊಂಡ ಬಳೆಯ ಮಾತು. ನಾಲ್ಕು ವರ್ಷದ ಮಗಳು ನನ್ನ ಬೆನ್ನ ಹಿಂದೆ ಆಡುತ್ತಿದ್ದಳು. "ಅಮ್ಮಾ" ಎಂದು ಎರಡು ಸಲ ಕರೆದದ್ದು ಕೇಳಿಸಿತು. ತಿರುಗದೆಯೇ "ಇರೇ" ಎಂದೆ. ಮೂರನೇ ಸಲ ಅವಳು ಕರೆಯಲಿಲ್ಲ.

ತಿರುಗಿ ನೋಡಿದರೆ ಮಗಳಿರಲಿಲ್ಲ. ಗುಡ್ಡೆಯ ಒಂದು ಮಗ್ಗುಲು ಜಾರಿತ್ತು, ಅಷ್ಟೇ. ಮಣ್ಣು ಕುಸಿದರೆ ಸದ್ದಾದರೂ ಆಗುತ್ತದೆ, ಹತ್ತಿಗೆ ಅದೂ ಇಲ್ಲ. ನಾನು ನಿಂತಲ್ಲೇ ನಿಂತೆ. ಹತ್ತಿ ಆರಿಸುವ ಹೆಂಗಸರಲ್ಲಿ ಹಿರಿಯಳು ನನ್ನ ಮುಖ ನೋಡಿದವಳೇ ಓಡಿಬಂದು ಎರಡೂ ಕೈಯಲ್ಲಿ ಗುಡ್ಡೆ ಬಗೆದಳು. ಮಗಳು ನೆಟ್ಟಗೆ, ಕೂತ ಹಾಗೆಯೇ ಒಳಗಿಳಿದು ಹೋಗಿದ್ದಳು. ಆ ಹೆಂಗಸು ಅವಳನ್ನು ಎಳೆದು ತೆಗೆದು, ಬಾಯೊಳಗೆ ಕಿರುಬೆರಳು ಹಾಕಿ ಹತ್ತಿ ಕಿತ್ತಳು. ಮಗುವಿನ ತುಟಿ ನೀಲಿಯಾಗಿತ್ತು. ಕಡೆಗೊಮ್ಮೆ ಕೆಮ್ಮಿತು. ನಾನಿನ್ನೂ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದೆ. ತಂಗಿ ಆ ಕಡೆಯಿಂದ ಹಲೋ ಹಲೋ ಎನ್ನುತ್ತಿದ್ದಳು.

ಮನೆಯಲ್ಲಿ ನಾನು ಹೇಳಿದ್ದು ಬೇರೆ. ಚೀಲದ ಬಾಯಿ ಕಟ್ಟುತ್ತಿದ್ದೆ, ಒಂದು ಗಳಿಗೆ ಕಣ್ಣು ತಪ್ಪಿತು ಎಂದೆ. ಆ ಹೆಂಗಸರಿಬ್ಬರೂ ನನ್ನ ಮುಖ ನೋಡಿ ಸುಮ್ಮನಾದರು. ಮಗಳು ಹೇಳುವ ಹಾಗಿರಲಿಲ್ಲ, ಅವತ್ತಿನಿಂದ ಅವಳ ಮಾತೇ ನಿಂತಿತ್ತು. ಹಸಿವಾದರೆ ಕೈ ತೋರಿಸುವಳು, ಬೇಡವಾದರೆ ತಲೆ ಆಡಿಸುವಳು.

ತೆಲುಗು ಬೆರೆಸಿ ಮಾತಾಡುವ ಪೇಟೆಯ ಮಕ್ಕಳ ಡಾಕ್ಟರು ಗಂಟಲು, ಎದೆ ಎಲ್ಲ ನೋಡಿದರು. "ಅಂತಾ ಬಾಗುಂದಿ, ಏನೂ ಆಗಿಲ್ಲರಿ. ಅಂಜ್ಯಾಳ, ಅಷ್ಟೇ. ಆಕಿಗೆ ಬೇಕಾದ ಆಟ ಆಡಾಕ ಬಿಡ್ರಿ. ನೀವು ಅಡ್ಡ ಬರಬ್ಯಾಡ್ರಿ" ಎಂದರು. ಸರಿ, ನಾವು ಅಂಗಡಿಗೆ ಹೋಗಿ ಬಣ್ಣದ ಪುಸ್ತಕ, ಪ್ಲಾಸ್ಟಿಕ್ ಒಲೆ, ಕೀಲಿ ಕೊಟ್ಟರೆ ಕುಣಿಯುವ ಮಂಗ ಎಲ್ಲ ತಂದೆವು. ಅವಳು ಯಾವುದನ್ನೂ ಮುಟ್ಟಲಿಲ್ಲ. ಅತ್ತೆ ದೀಪದ ಬತ್ತಿ ಹೊಸೆಯಲು ಬುಟ್ಟಿಯಲ್ಲಿ ಬಿಡಿಸಿಟ್ಟಿದ್ದ ಹತ್ತಿಯನ್ನೂ, ಆ ಬಾಯಿಲ್ಲದ ಗೊಂಬೆಯನ್ನೂ ಎತ್ತಿಕೊಂಡು ಮೂಲೆಗೆ ಹೋದಳು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಇದಕ್ಕೆ ಎರಡು ತಿಂಗಳ ಮುಂಚೆ ನನ್ನ ಮಾವ ತೀರಿಕೊಂಡಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕುಣಿಯೊಳಗೆ ಕೂರಿಸಿ, ಸುತ್ತಲೂ ವಿಭೂತಿ, ಪತ್ರಿ ತುಂಬುತ್ತೇವೆ. ಮಗಳು ಅಪ್ಪನ ಹೆಗಲ ಮೇಲೆ ಕೂತು ಅದನ್ನೆಲ್ಲ ನೋಡಿದ್ದಳು. ತಾತ ಕೊರಳ ತನಕ ಬಿಳಿಯದರಲ್ಲಿ ಕೂತದ್ದನ್ನು ಕಣ್ಣು ಮಿಟುಕಿಸದೆ ನೋಡಿದ್ದಳು.

ಈಗ ಅವಳು ಗೊಂಬೆಯನ್ನು ಅಂಡೂರಿ ಕೂರಿಸಿದಳು. ಸುತ್ತ ಹತ್ತಿ ತುಂಬಿದಳು. ಮೊದಲು ಸೊಂಟದ ತನಕ, ಆಮೇಲೆ ಎದೆ, ಆಮೇಲೆ ಕೊರಳು.

ಅತ್ತೆ ಹೊರಗಿನಿಂದ ಬಂದವರು ನೋಡಿ ಬಾಗಿಲಲ್ಲೇ ಕೂಗಿಕೊಂಡರು. "ಅಯ್ಯೋ ಶಿವನೇ! ತಾತಗ ತುಂಬಿದಂಗ ತುಂಬ್ಯಾಳ ನೋಡೇ. ಯಾರನ್ನ ಕೂಡ್ಸ್ಯಾಳ ಈಕಿ? ಅದರ ಮೈಮ್ಯಾಲ ನನ್ನ ಸೀರಿ ಐತಿ. ನನ್ನೇ ಕೂಡ್ಸ್ಯಾಳ!"

ನನ್ನ ಗಂಡ, "ಸೀರಿ ನಿಂದಾದ್ರೇನಮ್ಮಾ, ಗೊಂಬಿ ನಮ್ಮ ಪಾಪಂದೈತಿ..." ಎಂದು ಶುರುಮಾಡಿ ತಟಕ್ಕನೆ ಬಾಯಿ ಮುಚ್ಚಿಕೊಂಡರು. ಅವರಿಗೆ ಹೊಳೆದದ್ದು ನನಗೂ ಹೊಳೆಯಿತು. ಹಾಗಾದರೆ ಮಗಳು ಕೂರಿಸಿದ್ದು ತನ್ನನ್ನೇ. ಮಕ್ಕಳಿಗೆ ಮುಂದಾಗುವುದು ಮೊದಲೇ ಗೊತ್ತಾಗುತ್ತದೆ ಎನ್ನುತ್ತಾರೆ. ಓಡಿಹೋಗಿ ಗೊಂಬೆ ಕಿತ್ತುಕೊಂಡೆ. ಮಗಳು ಬಾಯಿ ತೆರೆದಳು, ಕೂಗು ಹೊರಡಲಿಲ್ಲ. ತೆರೆದ ಆ ಬಾಯಿ ನೋಡಲಾಗಲಿಲ್ಲ ನನಗೆ.

ಆಮೇಲೆ ದಿನವೂ ಇದೇ ಕತೆ. ಅವಳು ಕೊರಳ ತನಕ ತುಂಬುವಳು, ನಮ್ಮಲ್ಲಿ ಯಾರಾದರೂ ನೋಡಿ ಕಿತ್ತುಕೊಳ್ಳುವರು. ಅತ್ತೆ ಮಠದ ಅಯ್ಯನವರಿಂದ ತಾಯಿತ ಕಟ್ಟಿಸಿದರು. ಅದು ಸಾಲದೆಂದು ದರ್ಗಾದಿಂದ ಮಂತ್ರಿಸಿದ ನೀರು ತಂದರು. ಕಡೆಗೆ ನಾನು ಗೊಂಬೆಯನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಅವಳು ಅನ್ನದೊಳಗೆ ಚಮಚ ನೆಡತೊಡಗಿದಳು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಅವಳ ಹಲ್ಲುಜ್ಜುವ ಬ್ರಷ್ಷು ಕೊರಳ ತನಕ ಮುಳುಗಿ ನಿಂತದ್ದು ಕಂಡು ಕಿತ್ತು ಬಿಸಾಕಿದೆ. ಊಟ ಬಿಟ್ಟಳು, ಹಾಸಿಗೆ ಒದ್ದೆ ಮಾಡತೊಡಗಿದಳು. ಮಾತಂತೂ ಇಲ್ಲವೇ ಇಲ್ಲ. ಅವಳು ಇನ್ನು ಯಾವತ್ತೂ ಮಾತಾಡುವುದಿಲ್ಲವೇನೋ, ನನ್ನನ್ನು ಅಮ್ಮಾ ಎಂದು ಕರೆಯುವುದೇ ಇಲ್ಲವೇನೋ ಎಂದು ಹೆದರಿಕೆ. ಕರೆದರೆ ನಾನು ತಿರುಗಿರಲಿಲ್ಲವಲ್ಲ.

ಅತ್ತೆ ಒಂದು ವಾರದ ಮಟ್ಟಿಗೆ ಸಿ. ಬೆಳಗಲ್ ಊರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ಅವರು ಹೋದ ದಿನ ಮಧ್ಯಾಹ್ನ ನನಗೆ ಜ್ವರ, ಪಡಸಾಲೆಯಲ್ಲೇ ಚಾಪೆ ಹಾಸಿ ಬಿದ್ದಿದ್ದೆ. ಮಗಳು ಎಲ್ಲಿಂದಲೋ ಗೊಂಬೆ ಹುಡುಕಿ ತಂದು ನನ್ನ ಪಕ್ಕದಲ್ಲೇ ಕೂರಿಸಿದಳು. ಎದ್ದು ಕಿತ್ತುಕೊಳ್ಳಲು ನನ್ನಲ್ಲಿ ಶಕ್ತಿಯಿರಲಿಲ್ಲ. ಇಷ್ಟೇ ಸತ್ಯ, ಬುದ್ಧಿ ಬಂದು ಅವಳನ್ನು ಆಡಲು ಬಿಟ್ಟವಳಲ್ಲ ನಾನು. ಸೊಂಟ, ಎದೆ, ಕೊರಳು. ಅಲ್ಲಿಂದ ಮುಂದೆ ನಾವ್ಯಾರೂ ನೋಡಿರಲಿಲ್ಲ. ಅವಳು ನಿಲ್ಲಿಸಲಿಲ್ಲ. ತಲೆಯನ್ನೂ ಮುಚ್ಚಿದಳು. ಗೊಂಬೆ ಕಾಣದಂತಾಯಿತು.

ಆಮೇಲೆ ದೇವರ ಗೂಡಿನಿಂದ ಬೆಂಕಿಪೊಟ್ಟಣ ತಂದು ನನ್ನ ಕೈಗಿಟ್ಟಳು.

"ಅಮ್ಮಾ, ಫೋನು" ಎಂದಳು. "ಮಾತಾಡು."

ಒಂದೂವರೆ ತಿಂಗಳಿಗೆ ಕೇಳಿದ ದನಿ. ಖುಷಿಯಾಗಬೇಕಿತ್ತು. ಅವಳ ಮಾತು ಬರಲೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತವಳು, ಬಂದ ಆ ಮಾತಿಗೇ ಹೆದರಿದೆ. ಪೊಟ್ಟಣವನ್ನು ಕಿವಿಗೆ ಹಿಡಿದೆ. ಅವಳು ನನ್ನ ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿದಳು. ಬೆನ್ನ ಹಿಂದೆ "ಅಮ್ಮಾ... ಅಮ್ಮಾ..." ಎಂದು ಗೊಂಬೆಯ ಪರವಾಗಿ ಕರೆದಳು. ಆಮೇಲೆ ತನ್ನ ದನಿಯಲ್ಲಿ, "ಈಗ ತಿರುಗು. ತೆಗಿ ಆಕಿನ್ನ" ಎಂದಳು.

ನಾನು ಅಳುತ್ತಾ ಹತ್ತಿ ಬಗೆದೆ. ಗೊಂಬೆ ಸಿಕ್ಕಿತು. ಅವಳು ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಬಾಯಿ ಇರಬೇಕಾದ ಜಾಗವನ್ನು ಕಿರುಬೆರಳಿನಿಂದ ಚೊಕ್ಕ ಮಾಡಿದಳು. "ಉಸುರು ಬಂತು" ಎಂದಳು. ಮತ್ತೆ ಮೊದಲಿನಿಂದ ಕೂರಿಸಿದಳು.

ಹಗ್ಗ ಕಂಡು ಹಾವೆಂದವರು ನಾವು. ಅವಳು ಯಾರನ್ನೂ ಹೂಳುತ್ತಿರಲಿಲ್ಲ. ಹೊರಗೆ ತೆಗೆಯುತ್ತಿದ್ದಳು, ನಾವು ದಿನಾ ಕೊರಳ ಹತ್ತಿರವೇ ಆಟ ನಿಲ್ಲಿಸಿ ಅವಳನ್ನು ಒಳಗೇ ಉಳಿಸುತ್ತಿದ್ದೆವು. ಗೋಡೌನಿನಲ್ಲಿ ಹತ್ತಿ ಅವಳನ್ನು ನುಂಗಿತ್ತು. ಇಲ್ಲಿ ಹತ್ತಿ ಅವಳ ಅಂಗೈಯಲ್ಲಿತ್ತು. ಎಷ್ಟು ಸುರಿಯಬೇಕು, ಯಾವಾಗ ತೆಗೆಯಬೇಕು ಎಲ್ಲ ಅವಳದೇ ಹುಕುಂ. ಆ ವಾರವೆಲ್ಲ, ಗಂಡ ಪೇಟೆಗೆ ಹೋದ ಮೇಲೆ, ಅದೇ ಆಟ ಆಡಿದೆವು. ಪ್ರತಿ ಸಲಕ್ಕೂ ಎರಡು ಮಾತು ಹೆಚ್ಚಾಗುತ್ತಿತ್ತು. ಊಟ ಕೇಳಿ ಮಾಡತೊಡಗಿದಳು, ಹಾಸಿಗೆ ಒಣಗಿತು. ಡಾಕ್ಟರು ಹೇಳಿದ ಆಟ ಇದು ಎಂದು ಆಗ ತಿಳಿಯಿತು.

ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅತ್ತೆ ವಾಪಸು ಬರುವ ದಿನ ನಾನು ಬೆಂಕಿಪೊಟ್ಟಣವನ್ನು ಮೇಲಿನ ಗೂಡಿಗೆ ಎತ್ತಿಟ್ಟೆ. ಆಟ ನಿಲ್ಲಿಸಿದರೆ ಮಗಳ ಮಾತು ಹೋದೀತು, ಆಡಲು ಬಿಟ್ಟರೆ ನನ್ನ ಸುಳ್ಳು ಬಯಲಾದೀತು. ಮಗಳು ಮೂಲೆಯಲ್ಲಿ ಹತ್ತಿ ಹಿಡಿದು ಕೂತು ನನ್ನನ್ನೇ ನೋಡುತ್ತಿದ್ದಳು. ಮಾತಿಲ್ಲ. ಸಂಜೆಯ ತನಕ ನೋಡಿ ನೋಡಿ ನಾನೇ ಪೊಟ್ಟಣ ಇಳಿಸಿಕೊಟ್ಟೆ.

ಅದನ್ನು ಹಿಡಿದುಕೊಂಡು ಅವಳು ನನ್ನ ಹತ್ತಿರ ಬರಲಿಲ್ಲ. ಶೇಂಗಾ ಸುಲಿಯುತ್ತಾ ಕೂತಿದ್ದ ಅತ್ತೆಯ ಹತ್ತಿರ ಹೋದಳು.

"ಅಜ್ಜೀ, ನೀ ಅಮ್ಮ ಆಗು. ಫೋನ್ ಮಾತಾಡು. ಗೊಂಬಿ ಹತ್ಯಾಗ ಹೋಗ್ತಾಳ. ಕರದ್ರ ನೀ ನೋಡಬಾರ್ದು."

ಮೊಮ್ಮಗಳ ಮಾತು ಕೇಳಿ ಅತ್ತೆಯ ಕಣ್ಣು ತುಂಬಿತು. ಆ ಮಾತಿನ ಅರ್ಥ ಇಳಿಯಲು ಇನ್ನೊಂದು ಗಳಿಗೆ ಬೇಕಾಯಿತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಏನಾದರೂ ಬೈಯಲಿ, ಬೇಗ ಬೈಯಲಿ ಎಂದುಕೊಂಡೆ. ಅವರು ಕೈಗಂಟಿದ ಸಿಪ್ಪೆ ಕೊಡವಿ, ಪೊಟ್ಟಣ ತೆಗೆದುಕೊಂಡು ಕಿವಿಗೆ ಹಿಡಿದರು.

ಬೆನ್ನ ಹಿಂದೆ ಮಗಳು "ಅಮ್ಮಾ" ಎಂದಳು.

"ಆಮ್ಯಾಲ ಮಾಡ್ತೀನವ್ವಾ, ಇಡ್ತೀನಿ" ಎಂದರು ಅತ್ತೆ ಬೆಂಕಿಪೊಟ್ಟಣಕ್ಕೆ. "ನಮ್ಮ ಪಾಪ ಹತ್ತಿ ಹತ್ರ ಅದಾಳ. ಕರೀತಾಳ." ಪೊಟ್ಟಣ ನೆಲಕ್ಕಿಟ್ಟು ಪೂರ್ತಿ ತಿರುಗಿ ಕೂತರು.

ಹೀಗೆ ಆಟದಲ್ಲಿ ಇರಲಿಲ್ಲ. ಮಗಳು ಕೈಯಲ್ಲಿದ್ದ ಹಿಡಿ ಹತ್ತಿಯನ್ನು ಕೆಳಗಿಟ್ಟಳು. ಗೊಂಬೆಗೆ ಹತ್ತಿ ಇನ್ನೂ ಮೊಣಕಾಲಿಗೂ ಬಂದಿರಲಿಲ್ಲ. ಅದನ್ನೆತ್ತಿ ಅಜ್ಜಿಯ ಮಡಿಲಲ್ಲಿ ಹಾಕಿದಳು. ಆಮೇಲೆ ಬೆಂಕಿಪೊಟ್ಟಣ ತಂದು ನನ್ನ ಕೈಗಿಟ್ಟಳು.

"ಅಮ್ಮಾ, ಈಗ ನೀ ಹಿಂಗ ಮಾಡು."