ಕಂಪೌಂಡರು ಬರೆದ ಕಾಗದ

ನಮ್ಮ ಎಸ್ಟೇಟಿನ ಕಂಪೌಂಡರ ಬಲಗೈಯ ಮೂರು ಬೆರಳುಗಳು ಸದಾ ನೇರಳೆ. ಗಾಯಕ್ಕೆ ಹಚ್ಚುವ ಮದ್ದಿನ ಬಣ್ಣ ಅದು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬೆವರು ಒರೆಸಿಕೊಂಡರೆ ಹಣೆಗೂ ನೇರಳೆ ನಾಮ ಬೀಳುತ್ತಿತ್ತು. ಕೂಲಿಗಳ ಲೈನ್ ಮನೆಗಳ ಹೆಂಗಸರು ಅದನ್ನು ಕಂಡು ನಕ್ಕರೆ, "ನಗವ್ವ ನಗು, ನಗೋರಿಗೆ ಮದ್ದು ಅರ್ಧ ಸಾಕು" ಎನ್ನುತ್ತಿದ್ದರು.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ವರ್ಷಗಳು. ಸುಂಟಿಕೊಪ್ಪದಾಚೆಯ ಆ ಕಾಫಿ ಎಸ್ಟೇಟಿನ ಆಫೀಸಿನಲ್ಲಿ ನಾನು ಟೈಪಿಸ್ಟ್. ಕಂಪೌಂಡರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆತನದವರು. ನನಗೆ ಮಲೇರಿಯಾ ಬಂದಾಗ ಒಂಬತ್ತು ದಿನ ತಮ್ಮ ಕ್ವಾರ್ಟರ್ಸಿನಲ್ಲೇ ಮಲಗಿಸಿಕೊಂಡು ಗಂಜಿ ಕುಡಿಸಿದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ; ಮುಂದೆ ನಾನು ಮಾಡಿದ್ದು ಎಂಥದ್ದೆಂದು ಗೊತ್ತಾಗಲಿ.

ಒಂದು ಬೇಸಿಗೆ ಲೈನಿನ ಬಾವಿ ಬತ್ತಿತು. ಹೊಳೆನೀರು ತುಂಬಿಡಲು ಮ್ಯಾನೇಜರ್ ದೊರೆ ಆರು ಡ್ರಮ್ ಕಳಿಸಿದ. ಕಾಫಿಗಿಡ ಕೊರೆಯುವ ಹುಳುವಿಗೆ ಹೊಡೆಯುವ ವಿಷ ಬಂದಿದ್ದ ಡ್ರಮ್ಮುಗಳು ಅವು. ವಾರದೊಳಗೆ ಲೈನಿನಲ್ಲಿ ವಾಂತಿ ಶುರುವಾಯಿತು. ಕಂಪೌಂಡರು ಡ್ರಮ್ಮಿನೊಳಗೆ ತಲೆಯಿಟ್ಟು ಮೂಸಿ ನೋಡಿ, ನೆಟ್ಟಗೆ ಆಫೀಸಿಗೆ ಬಂದರು.

"ದೊರೆ, ಆ ನೀರು ಕುಡಿಸಬ್ಯಾಡಿ. ವಿಷದ ವಾಸ್ನೆ ಇನ್ನೂ ಹೊಡೀತದೆ."

"ತೊಳೆಸಿದ್ದೇನೆ. ನಿನ್ನ ಕೆಲಸ ಮದ್ದು ಕೊಡೋದು. ಹೋಗು, ಕೊಡು."

ಮುಂದಿನ ವಾರ ಸೇಲಂ ಕಡೆಯ ಒಬ್ಬ ಬಾಣಂತಿ ಸತ್ತಳು. ರಿಜಿಸ್ಟರಿನಲ್ಲಿ 'ಜ್ವರ' ಎಂದು ಬರೆಯಲು ದೊರೆ ಹೇಳಿದ. ಕಂಪೌಂಡರು ಬರೆಯಲಿಲ್ಲ.

ಯಾವ ನೌಕರನಾದರೂ ತನ್ನ ದೂರನ್ನು ನೇರವಾಗಿ ಮದ್ರಾಸಿನ ಕಂಪನಿ ಆಫೀಸಿಗೆ ಬರೆಯಬಹುದು ಎಂಬ ನೋಟೀಸು ಗೋಡೆಯ ಮೇಲೆ ಇತ್ತು. ಕಂಪೌಂಡರು ಅದನ್ನು ನಂಬಿದರು. ಅವರು ಹೇಳಿದಂತೆ ದೂರನ್ನು ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಹೆಸರು ಹಾಕುವುದು ಬೇಡವೆಂದೆ.

"ಹೆಸರಿಲ್ದಿದ್ರೆ ಅದು ಚಾಡಿ ಆಯ್ತದೆ ಕಣಯ್ಯ. ನಾನು ಚಾಡಿ ಹೇಳ್ತಿಲ್ಲ" ಎಂದು ದೊಡ್ಡದಾಗಿ ಸಹಿ ಹಾಕಿದರು.

ಹದಿನೈದು ದಿನಕ್ಕೆ ಮದ್ರಾಸಿನಿಂದ ಲಕೋಟೆ ಬಂತು. ಕಂಪೌಂಡರಿಗಲ್ಲ, ದೊರೆಗೆ. ಒಳಗೆ ಅವರದೇ ಕಾಗದ; ಅಂಚಿನಲ್ಲಿ ಯಾರೋ ಬರೆದ ಒಂದು ಸಾಲು: "ಈ ಮನುಷ್ಯನನ್ನು ವಿಚಾರಿಸಿಕೊಳ್ಳಿ." ನೀರನ್ನು ವಿಚಾರಿಸಿ ಎಂದಲ್ಲ! ಯಾರ ಮೇಲೆ ದೂರೋ ಅವನ ಕೈಗೇ ದೂರನ್ನು ಕೊಟ್ಟು, ದೂರಿದವನ ಕುತ್ತಿಗೆಯನ್ನೂ ಜೊತೆಗೆ ಕೊಟ್ಟ ಆ ಸಭ್ಯಸ್ಥರನ್ನು ನೆನೆದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ವಿಚಾರಣೆ ಎಂಬ ನಾಟಕ ಆಫೀಸಿನಲ್ಲೇ ನಡೆಯಿತು. ಕಂಪನಿಗೆ ಕೆಟ್ಟ ಹೆಸರು ತಂದದ್ದು, ದವಾಖಾನೆಯನ್ನು ಕೊಳಕಾಗಿ ಇಟ್ಟದ್ದು ಆರೋಪ. ದೊರೆಯೇ ಸಾಕ್ಷಿ, ದೊರೆಯೇ ನ್ಯಾಯಾಧೀಶ. ನಾನು ಬರೆದುಕೊಳ್ಳುವವನು. ಕುರ್ಚಿ ಕೊಡಲಿಲ್ಲ, ಕಂಪೌಂಡರು ನಿಂತೇ ಹೇಳಿದರು:

"ಡ್ರಮ್ಮಲ್ಲಿ ವಿಷ ಇತ್ತು. ನಿಮಗೇ ಮೊದ್ಲು ಹೇಳ್ದೆ. ನೀವು ಕೇಳ್ಲಿಲ್ಲ. ಆ ಹೆಣ್ಮಗಳು ಸತ್ಲು."

ದೊರೆ ನನ್ನತ್ತ ತಿರುಗಿದ. "ಆರೋಪಿಗೆ ಉತ್ತರವಿಲ್ಲ ಅಂತ ಟೈಪ್ ಮಾಡು."

ಮಾಡಿದೆ.

ಕಂಪೌಂಡರನ್ನು ಕೆಲಸದಿಂದ ತೆಗೆದು, ಮರುದಿನ ಬೆಳಿಗ್ಗೆ ಕ್ವಾರ್ಟರ್ಸ್ ಖಾಲಿ ಮಾಡಿಸಿದರು. ಅವರ ಹೆಂಡತಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅತ್ತೆ. "ಅಳೋದು ಆಮೇಲೆ. ಡ್ರಮ್ ತೆಗೆದ್ರಾ ಇಲ್ವಾ, ಅದ್ ಹೇಳು" ಎಂದರು ಕಂಪೌಂಡರು. ತೆಗೆದಿರಲಿಲ್ಲ. ಸೌದೆ ಕೊಡಲಿ ಹಿಡಿದು ಲೈನಿಗೆ ನಡೆದರು. ಒಂದೊಂದಾಗಿ ಆರೂ ಡ್ರಮ್ಮುಗಳ ತಳ ಒಡೆದರು. ತಡೆಯಲು ಓಡಿಬಂದ ಕೂಲಿಗಳ ಮೇಸ್ತ್ರಿ, ಸುತ್ತ ನಿಂತಿದ್ದ ಹೆಂಗಸರ ಮುಖ ನೋಡಿ ಅಲ್ಲೇ ನಿಂತುಬಿಟ್ಟ.

ವಾಂತಿ ನಿಂತಿತು. ಕಂಪನಿ ಹೊಸ ಮಣ್ಣಿನ ಹಂಡೆಗಳನ್ನು ಕಳಿಸಿ, ಕೂಲಿಗಳ ಕಾಳಜಿಗಾಗಿ ದೊರೆಯನ್ನು ಹೊಗಳಿ ಪತ್ರ ಬರೆಯಿತು. ಅದನ್ನು ಫೈಲಿಗೆ ಹಾಕಿದವನೂ ನಾನೇ.

ದೊರೆಗಳ ಕ್ಲಬ್ಬಿನಲ್ಲಿ ಕಂಪೌಂಡರ ಹೆಸರು ಓಡಾಡಿತು. ಯಾವ ಎಸ್ಟೇಟೂ ಅವರನ್ನು ಸೇರಿಸಲಿಲ್ಲ. ಮೂರ್ನಾಡಿನ ಒಂದು ಅಂಗಡಿ ಜಗಲಿಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುತ್ತಾ ಬದುಕಿ, ಅಲ್ಲೇ ತೀರಿಕೊಂಡರು. ನಾನು ಒಮ್ಮೆಯೂ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

ಅವರಿಗೆ ಉತ್ತರವಿತ್ತು. ಎರಡು ಮಾರು ದೂರದಲ್ಲಿ ಕುಳಿತು ನಾನದನ್ನು ಕೇಳಿದ್ದೆ.